ಅಕ್ಕ ಬಂತು

ಯೌವನದಲ್ಲಿ ಜರ್ಮನ್ ಭಾಷೆಯ ಅಭ್ಯಾಸಕ್ಕೆ ತೊಡಗಿದಾಗ ನನ್ನನ್ನು ಪೀಡಿಸಿದುದು ಅದರ ಮಾರುದ್ದದ ಸಮಾಸಗಳಲ್ಲ. ಸಂಸ್ಕೃತದ ಸಹವಾಸವಿದ್ದವನಿಗೆ ಅವು ಹಳೆಯ ನೆಂಟರಂತೆಯೇ ಕಂಡವು. ಪೀಡಿಸಿದುದು ಲಿಂಗವ್ಯವಸ್ಥೆ. ಸೂರ್ಯನು ಸ್ತ್ರೀಯಾಗಿ, ಚಂದ್ರನು ಪುರುಷನಾಗಿ, ಒಂದೇ ಊಟದ ಮೇಜಿನ ಮೇಲೆ ಚಮಚವು ಪುಲ್ಲಿಂಗವೂ ಮುಳ್ಳುಚಮಚವು ಸ್ತ್ರೀಲಿಂಗವೂ ಚೂರಿಯು ನಪುಂಸಕವೂ ಆಗಿ, ಕಡೆಗೆ ಓಡಾಡುವ ಹುಡುಗಿಯೇ 'ಡಾಸ್ ಮೇಟ್‌ಶೆನ್' ಎಂದು ನಪುಂಸಕಲಿಂಗಕ್ಕೆ ಸೇರಿದುದನ್ನು ಕಂಡು, ಅರ್ಥವನ್ನು ನೋಡಿಯೇ ಲಿಂಗವನ್ನು ಗೊತ್ತುಮಾಡುವ ಕನ್ನಡದಲ್ಲಿ ಹುಟ್ಟಿದ ನಾನು ಮನಸಾರೆ ನಕ್ಕೆನು. 'ಶೆನ್' ಎಂಬುದು ಕಿರಿದೆಂಬ ಅರ್ಥದ ಪ್ರತ್ಯಯವೆಂದೂ, ಅದು ಹತ್ತಿದ ಪದವೆಲ್ಲ ನಪುಂಸಕವಾಗುವುದೆಂದೂ ಗುರುಗಳು ತಿಳಿಸಿದರು, ನಗು ನಿಲ್ಲಲಿಲ್ಲ.

ನಗುವ ಅಧಿಕಾರ ನನಗಿರಲಿಲ್ಲ. ಹೆಂಡತಿಯೆಂಬ ಒಂದೇ ಅರ್ಥಕ್ಕೆ ಸಂಸ್ಕೃತದಲ್ಲಿ 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕ, 'ದಾರ' ಪುಲ್ಲಿಂಗ, ಅದೂ ನಿತ್ಯ ಬಹುವಚನ! ಮಂಚವೇಕೆ ಹೆಣ್ಣು, ಮರವೇಕೆ ಗಂಡು ಎಂಬ ಪ್ರಶ್ನೆಯನ್ನು ಮಹಾಭಾಷ್ಯದಲ್ಲಿ ಪತಂಜಲಿಯು ಎತ್ತಿ, ಸಾಕಷ್ಟು ಜಗ್ಗಾಡಿ, ಲಿಂಗವು ಲೋಕವ್ಯವಹಾರವನ್ನು ಆಶ್ರಯಿಸಿದುದರಿಂದ ಶಾಸ್ತ್ರವು ಅದನ್ನು ಕಲಿಸಬೇಕಾಗಿಲ್ಲವೆಂಬ ನಿಲುವಿಗೆ ಬರುತ್ತಾನೆ. ವೈಯಾಕರಣನೊಬ್ಬನು ಇಷ್ಟು ವಿನಯದಿಂದ ಕೈಮುಗಿದುದು ಅಪರೂಪ.

ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1959ರಲ್ಲಿ ಅನುವಾದವನ್ನು ಕುರಿತು ಬರೆದ ಪ್ರಬಂಧದ ತಿರುಳೂ ಇದಕ್ಕೆ ದೂರವಾದುದಲ್ಲ: ಭಾಷೆಗಳನ್ನು ಬೇರ್ಪಡಿಸುವುದು ಅವುಗಳ ಸಾಮರ್ಥ್ಯವಲ್ಲ, ನಿರ್ಬಂಧ. ಮೇಷ್ಟರು ಬಂದ ಸುದ್ದಿಯನ್ನು ಇಂಗ್ಲಿಷಿನಲ್ಲಿ ಅವರ ಮರ್ಯಾದೆಯ ಗೊಡವೆಯಿಲ್ಲದೆ ಹೇಳಬಹುದು. ಕನ್ನಡದಲ್ಲಿ 'ಬಂದನು', 'ಬಂದರು' ಎಂಬ ಎರಡರಲ್ಲೊಂದನ್ನು ಆರಿಸದೆ ಬಾಯಿ ತೆರೆಯುವಂತಿಲ್ಲ. ಈ ಸುಂಕವನ್ನು ಹುಟ್ಟಿದಂದಿನಿಂದ ತೆರುತ್ತ ಬಂದವನಿಗೆ ಅದು ಸುಂಕವೆಂದು ತೋರುವುದೇ ಇಲ್ಲ. ಪರಭಾಷೆಯ ಗಡಿಯಲ್ಲಿ ನಿಂತಾಗಲಷ್ಟೇ ತೋರುತ್ತದೆ.

ನನಗೆ ತೋರಿದುದು ಒಂದು ರಜೆಯಲ್ಲಿ. ಶಿರಸಿಯ ಕಡೆಯ ನಮ್ಮ ಹವ್ಯಕರ ಮನೆಯ ಜಗುಲಿಯಲ್ಲಿ ಕುಳಿತು, 'ಮಗು ಅತ್ತಿತು' ಎಂಬ ವಾಕ್ಯವನ್ನು ಜರ್ಮನ್‌ಗೆ ತಿರುಗಿಸುತ್ತಿದ್ದೆನು. 'ಡಾಸ್ ಕಿಂಡ್', ಅಲ್ಲಿಯೂ ಮಗು ನಪುಂಸಕವೇ, ಕನ್ನಡದಲ್ಲಿರುವಂತೆ! ಲೇಖನಿ ತಡೆಯಿತು. ಅಷ್ಟರಲ್ಲಿ ಅಂಗಳದಿಂದ ಅಜ್ಜಿ, ಗಂಡನ ಮನೆಯಿಂದ ಬಂದಿಳಿದ ನನ್ನ ಹಿರಿಯ ಸೋದರಿಯನ್ನು ಕಂಡು, ಉಕ್ಕುವ ಪ್ರೀತಿಯಿಂದ ಒಳಗೆ ಕೂಗಿ ಹೇಳಿದಳು: "ಅಕ್ಕ ಬಂತು!"

ಆ ಮೇಲೆ ಜರ್ಮನರ ಹುಡುಗಿಯ ವಿಷಯದಲ್ಲಿ ನಾನು ತಕರಾರು ತೆಗೆಯಲಿಲ್ಲ. ಚೂರಿ, ಚಮಚಗಳ ಲಿಂಗವನ್ನು ಬಾಯಿಪಾಠ ಮಾಡಿದೆನು.