ನಿಮಗಿದು ಗೊತ್ತೇ? ಬರವೂ ಬೀಳುತ್ತದೆ, ಕೋಡಿಯೂ ಬೀಳುತ್ತದೆ

ಹಿರಿಯೂರಿನವರಿಗೆ ‘ಕೋಡಿ ಬಿತ್ತು’ ಎಂದರೆ ಹಬ್ಬ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಕನ್ನಡ ಇದೇ ಕೋಡಿಯನ್ನು ಅಳುವಿಗೂ ಕೊಟ್ಟಿದೆ: ‘ಕಣ್ಣೀರ ಕೋಡಿ’. ಮನಸ್ಸು ಕೆರೆ ಎಂದು ಬಗೆದವರ ಮಾತು ಇದು. ಆ ಕೆರೆಗೆ ಕಟ್ಟೆಯೂ ಉಂಟು. ಸಹನೆಯ ಕಟ್ಟೆ ಒಡೆಯಿತು ಎನ್ನುತ್ತೇವಲ್ಲ!

ಕೋಡಿ ಬೀಳುವುದೂ ಕಟ್ಟೆ ಒಡೆಯುವುದೂ ಒಂದೇ ಅಲ್ಲ ಎಂಬುದನ್ನು ಗಮನಿಸಿದ್ದೀರಾ? ತುಂಬಿದ ನೀರು ಹೊರಹರಿಯಲೆಂದು ಕೋಡಿ ಇಡುವುದೇ ಏರಿ ಒಡೆಯದಿರಲಿ ಎಂದು. ಅಂದರೆ ನಮ್ಮ ಭಾಷೆಯ ಲೆಕ್ಕದಲ್ಲಿ ಕಣ್ಣೀರು ಕೆರೆಯನ್ನು ಉಳಿಸುತ್ತದೆ, ಸಿಟ್ಟು ಒಡೆಯುತ್ತದೆ. ಸಾವಿನ ಮನೆಯಲ್ಲಿ ಹಿರಿಯರು ಬೆನ್ನು ಸವರುತ್ತಾ ‘ಅತ್ತುಬಿಡವ್ವಾ, ಹಗುರಾಗುತ್ತೆ’ ಎನ್ನುವುದರ ಹಿಂದೆ ಈ ಕೆರೆಯ ತಿಳಿವಳಿಕೆ ಇದೆ ಎಂದೇ ನನ್ನ ನಂಬಿಕೆ.

2022ರಲ್ಲಿ ಹಿರಿಯೂರು ಬಾಗಿನ ಬಿಡಲು ಹೊರಟಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರ ಅಂಚಿನ ರೈತರ ತೋಟಗಳಿಗೆ ನೀರು ನುಗ್ಗಿತ್ತು. ಅಣೆಕಟ್ಟಿನ ಕೆಳಗಿನವರಿಗೆ ಹಬ್ಬವಾದ ಮಾತು ಮೇಲಿನವರಿಗೆ ಸಂಕಟವಾಯಿತು.

ಮಳೆ ಬೀಳುತ್ತದೆ ಸರಿ, ಬರವೂ ‘ಬೀಳುವುದು’ ಏಕೆ? ಮೇಲಿನಿಂದ ಬಿದ್ದದ್ದಕ್ಕೆ ಕೆಳಗಿನವರು ಯಾರೂ ಹೊಣೆಯಲ್ಲ. ಕೆರೆಯಲ್ಲಿ ಹೂಳು ತುಂಬಿದ್ದು, ಕಾಲುವೆ ಮುಚ್ಚಿಹೋದದ್ದು, ಆಳಕ್ಕೆ ಆಳಕ್ಕೆ ಬೋರ್‌ವೆಲ್ ಕೊರೆಸಿದ್ದು ಎಲ್ಲವೂ ಆ ಒಂದು ಕ್ರಿಯಾಪದದ ಅಡಿಗೆ ಸೇರಿಬಿಡುತ್ತವೆ. ಬಯಲುಸೀಮೆಯಲ್ಲಿ ಇಷ್ಟು ಸಲೀಸಾಗಿ ಆಡುವ ಈ ಮಾತಿಗೆ ನಾವು ದುಬಾರಿ ಬೆಲೆ ತೆತ್ತಿದ್ದೇವೆ.

ಮಾತು ಯೋಚನೆಯನ್ನು ತಿರುಗಿಸುತ್ತದೆಯೇ? ರೂಪಕ ಕವಿಗಳ ಅಲಂಕಾರವಲ್ಲ, ದಿನನಿತ್ಯದ ಯೋಚನೆಯೇ ಅದರ ಮೇಲೆ ನಿಂತಿದೆ ಎಂದು ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲೇ ಪುಸ್ತಕ ಬರೆದು ವಾದಿಸಿದರು. 2011ರಲ್ಲಿ ಮನಃಶಾಸ್ತ್ರಜ್ಞರಾದ ಪಾಲ್ ಥಿಬೊಡೊ ಮತ್ತು ಲೆರಾ ಬೊರೊಡಿಟ್ಸ್ಕಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಊರಿನ ಅಪರಾಧದ ಒಂದೇ ಅಂಕಿಅಂಶವನ್ನು ಎರಡು ಗುಂಪಿಗೆ ಕೊಟ್ಟರು. ಒಂದರಲ್ಲಿ ಅಪರಾಧ ‘ಮೃಗ’, ಇನ್ನೊಂದರಲ್ಲಿ ‘ವೈರಾಣು’. ಮೃಗ ಎಂದು ಓದಿದವರು ಹಿಡಿಯಿರಿ, ಜೈಲಿಗೆ ಹಾಕಿ ಎನ್ನುವ ಕಡೆ ಹೆಚ್ಚು ವಾಲಿದರು. ವೈರಾಣು ಎಂದು ಓದಿದವರಲ್ಲಿ ಮೂಲ ಹುಡುಕಿ ಸರಿಪಡಿಸಿ ಎಂದವರು ಹೆಚ್ಚಾದರು. ಏಕೆ ಹಾಗೆಂದಿರಿ ಎಂದು ಕೇಳಿದರೆ ಬಹುತೇಕ ಎಲ್ಲರೂ ತೋರಿಸಿದ್ದು ಅಂಕಿಗಳನ್ನು! ಆ ಒಂದು ಪದದ ಹೆಸರೆತ್ತಿದವರು ತೀರ ಕಡಿಮೆ.

ಭ್ರಷ್ಟಾಚಾರವನ್ನು ‘ಪಿಡುಗು’ ಎಂದರೆ ಅದು ಯಾರಿಗೋ ಹೇಗೋ ತಗುಲಿದ ರೋಗ. ‘ಬೇಲಿಯೇ ಎದ್ದು ಹೊಲ ಮೇಯಿತು’ ಎಂದರೆ ಬೆರಳು ನೇರ ಕಾವಲಿನವನತ್ತ. ಎರಡನೆಯದೇ ನನಗೆ ಹೆಚ್ಚು ಪ್ರಾಮಾಣಿಕ ಮಾತು.

ನಮ್ಮ ಮಾತಿನಲ್ಲಿ ಸಂಕಟಕ್ಕೆ ಬಿಸಿಯೇ ರೂಪಕ: ಅಸೂಯೆ ಹೊಟ್ಟೆಯುರಿ, ಚಿಂತೆ ತಲೆಬಿಸಿ. ಹರಸುವುದಾದರೆ ‘ನಿನ್ನ ಹೊಟ್ಟೆ ತಣ್ಣಗಿರಲಿ’. ಇಂಗ್ಲಿಷರ ಚಳಿನಾಡಿನಲ್ಲಿ ಸ್ವಾಗತ ಬೆಚ್ಚಗಿರುತ್ತದೆ. ಬೆಚ್ಚನೆಯ ಮನೆ ನಮಗೂ ಬೇಕು, ಹರಕೆ ಮಾತ್ರ ತಂಪಿನದು.

ಕಾಲದ ಮಾತನ್ನೂ ನೋಡಿ. ‘ಮುಂದೆ’ ಮತ್ತು ‘ಮುಂಚೆ’ ಎರಡೂ ‘ಮುನ್’ ಎಂಬ ಒಂದೇ ಬೇರಿನವು. ಒಂದು ಬರುವ ಕಾಲ, ಇನ್ನೊಂದು ಕಳೆದ ಕಾಲ! ಕೋರ್ಟಿನಿಂದ ಬಂದವರು ‘ಕೇಸು ಮುಂದಕ್ಕೆ ಹೋಯ್ತು’ ಎಂದರೆ ವಾಯಿದೆ ಸಿಕ್ಕಿತು ಎಂದೇ ಅರ್ಥ, ಕೇಸು ಒಂದಂಗುಲವೂ ಕದಲಿರುವುದಿಲ್ಲ. ಆಂಡೀಸ್ ಪರ್ವತದ ಐಮಾರಾ ಜನರಿಗೆ ಕಳೆದದ್ದು ಕಣ್ಣೆದುರು, ಬರುವುದು ಬೆನ್ನ ಹಿಂದೆ. ಕಂಡದ್ದು ಎದುರಿಗಿರಬೇಕಲ್ಲವೇ?

ಗಾದೆಗಳೂ ನೆಲದ ಕೆಲಸದಿಂದಲೇ ಹುಟ್ಟುತ್ತವೆ. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಿಂದ ಈಗ ಕರೆಂಟು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಮಾತ್ರ ಕಾಳು ತೂರುವ ಕಣದಲ್ಲಿ.

‘ಬಯಲು’ ಎಂಬ ಪದವನ್ನೇ ನೋಡಿ. ಹೊಳಲ್ಕೆರೆಯ ಗಣಪ ಗುಡಿಯ ಗೋಡೆಗಳಿಲ್ಲದೆ ಕುಳಿತಿದ್ದರಿಂದ ಬಯಲು ಗಣಪತಿ. ಹಗರಣ ಹೊರಬಿದ್ದರೆ ‘ಬಯಲಾಯಿತು’, ಊರವರು ಕುಣಿದರೆ ‘ಬಯಲಾಟ’. ಶರಣರಿಗಾದರೋ ‘ಬಯಲಾಗುವುದು’ ಬದುಕಿನ ಕೊನೆಯ, ಅತಿ ದೊಡ್ಡ ಸಿದ್ಧಿ. ಮರೆಯೇ ಇಲ್ಲದ ನೆಲದಲ್ಲಿ ಬೆಳೆದವರಿಗೆ ನಾಚಿಕೆ, ಆಟ, ಮುಕ್ತಿ ಮೂರಕ್ಕೂ ಆ ನೆಲದ ಹೆಸರೇ ಒದಗಿತು.