ರಕ್ತದ ರೋಗಗಳು ಮತ್ತು ರಕ್ತಪೂರಣ: ಮನೆಯವರು ಅರಿಯಬೇಕಾದ ಎಚ್ಚರಗಳು

ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಅಂಜನಾಪುರದ ಜಲಾಶಯ ತುಂಬಿದರೆ ಶಿಕಾರಿಪುರ ಸೀಮೆಯ ಗದ್ದೆಗಳು ಹಸಿರಾಗುತ್ತವೆ. ಕಾಲುವೆ ಒಣಗಿದರೆ ಪೈರು ಬಿಳುಪೇರುತ್ತದೆ. ಶರೀರಕ್ಕೆ ರಕ್ತವೂ ಹಾಗೆಯೇ. ಪೈರಿನ ಬಿಳುಪನ್ನು ರೈತನು ಅಂದೇ ಗುರುತಿಸುತ್ತಾನೆ. ಮನೆಯ ಹೆಣ್ಣುಮಗಳ ಮುಖದ ಬಿಳುಪನ್ನು ಮಾತ್ರ ತಿಂಗಳುಗಟ್ಟಲೆ ಯಾರೂ ಗಮನಿಸುವುದಿಲ್ಲ. ಕೊನೆಗೆ ಹೆರಿಗೆಯ ಹೊತ್ತಿನಲ್ಲಿ ವೈದ್ಯರು ‘ರಕ್ತ ಬೇಕು’ ಎಂದಾಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯತ್ತ ಓಡಬೇಕಾಗುತ್ತದೆ. ಈ ಓಟವನ್ನು ತಪ್ಪಿಸುವ ಬಗೆ ಯಾವುದು, ತಪ್ಪದಿದ್ದಾಗ ಮನೆಯವರು ವಹಿಸಬೇಕಾದ ಎಚ್ಚರ ಯಾವುದು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ರಕ್ತಹೀನತೆ

ಆಯಾಸ, ಮೆಟ್ಟಿಲೇರಿದರೆ ಏದುಸಿರು, ಎದೆಬಡಿತ, ಕಣ್ಣರೆಪ್ಪೆಯ ಒಳಭಾಗ ಬಿಳುಪಾಗುವುದು, ಮಣ್ಣು ಅಥವಾ ಹಸಿ ಅಕ್ಕಿ ತಿನ್ನುವ ಬಯಕೆ ಇವು ರಕ್ತಹೀನತೆಯ ಲಕ್ಷಣಗಳು. ಹಿಮೋಗ್ಲೋಬಿನ್ ಪ್ರಮಾಣವು ಪುರುಷರಲ್ಲಿ 13, ಸ್ತ್ರೀಯರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆಯೆಂದು ತಿಳಿಯಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಈ ಕೊರತೆ ಕಂಡುಬಂದಿತು.

ಮುಟ್ಟಿನಲ್ಲಿ ಹೆಚ್ಚು ಸ್ರಾವ, ಬರಿಗಾಲಲ್ಲಿ ಗದ್ದೆ ತೋಟಗಳಲ್ಲಿ ದುಡಿಯುವಾಗ ಸೇರುವ ಕೊಕ್ಕೆಹುಳು, ಕಬ್ಬಿಣಾಂಶದ ಕೊರತೆ ಇವೇ ಮುಖ್ಯ ಕಾರಣಗಳು. ಸಸ್ಯಾಹಾರಿಗಳಾದ ನಾವು ಮತ್ತೊಂದನ್ನು ನೆನಪಿಡಬೇಕು. ಬಿ-12 ಜೀವಸತ್ವವು ಸೊಪ್ಪು ಕಾಳುಗಳಲ್ಲಿ ಇಲ್ಲ. ನಮ್ಮ ಊಟದಲ್ಲಿ ಅದು ದೊರೆಯುವುದು ಹಾಲು ಮೊಸರುಗಳಿಂದ. ನಾಲಿಗೆ ನುಣುಪಾಗಿ ಉರಿಯುವುದು, ಪಾದಗಳು ಜೋಮು ಹಿಡಿಯುವುದು ಅದರ ಕೊರತೆಯನ್ನು ಸೂಚಿಸಬಹುದು. ಕಬ್ಬಿಣಾಂಶದ ಮಾತ್ರೆಯನ್ನು ನಿಂಬೆಯ ಪಾನಕದೊಡನೆ ಸೇವಿಸಿದರೆ ಚೆನ್ನಾಗಿ ಹತ್ತುತ್ತದೆ. ಚಹಾ ಅಥವಾ ಹಾಲಿನೊಡನೆ ಸೇವಿಸಕೂಡದು. ಚೈತನ್ಯ ಬಂದಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಲೂ ಕೂಡದು. ವಯಸ್ಸಾದವರಲ್ಲಿ ರಕ್ತ ಇಳಿದಿದ್ದರೆ ಕರುಳಿನಲ್ಲಿ ಗುಪ್ತವಾಗಿ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸುವುದು ಅವಶ್ಯ.

ವಂಶದಿಂದ ಬರುವ ರೋಗಗಳು

ತಲಸ್ಸೀಮಿಯಾ ರೋಗದ ಬೀಜವನ್ನು ಹೊತ್ತವರು ಆರೋಗ್ಯವಂತರಾಗಿಯೇ ಕಾಣುತ್ತಾರೆ. ತಂದೆ ತಾಯಿ ಇಬ್ಬರೂ ಅಂಥವರಾದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ತೀವ್ರರೋಗದ ಸಂಭವವುಂಟು. ಅಂಥ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಅದರಿಂದ ಸಂಚಯವಾಗುವ ಕಬ್ಬಿಣವನ್ನು ತೆಗೆಯಲು ಔಷಧಿಯನ್ನೂ ಕೊಡಬೇಕು. ಸೋದರ ಸಂಬಂಧದ ವಿವಾಹಗಳಲ್ಲಿ ಈ ಸಂಭವ ಹೆಚ್ಚು. ಜಾತಕ ನೋಡುವವರು ರಕ್ತಪರೀಕ್ಷೆಯನ್ನೂ ಮಾಡಿಸಲಿ ಎಂಬುದು ನಮ್ಮ ಬಿನ್ನಹ.

ಕುಸುಮರೋಗ ಅಥವಾ ಹಿಮೋಫಿಲಿಯಾ ಬಹುತೇಕ ಗಂಡುಮಕ್ಕಳಲ್ಲಿ ಕಾಣುತ್ತದೆ. ಚಿಕ್ಕ ಗಾಯದಿಂದಲೂ ರಕ್ತ ನಿಲ್ಲದೆ ಸುರಿಯುವುದು, ಮೊಣಕಾಲು ಮೊಣಕೈಗಳು ಊದಿಕೊಳ್ಳುವುದು ಇದರ ಕುರುಹು. ರಕ್ತ ಹೆಪ್ಪುಗಟ್ಟಿಸುವ ಅಂಶದ ಚುಚ್ಚುಮದ್ದೇ ಇದಕ್ಕೆ ಚಿಕಿತ್ಸೆ. ಸ್ವತಃ ಈ ರೋಗವುಳ್ಳ ವೈದ್ಯರಾದ ಡಾ. ಸುರೇಶ ಹನಗವಾಡಿಯವರು ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಸಲ್ಲಿಸಿರುವ ಸೇವೆ ನಾಡಿಗೆ ತಿಳಿದದ್ದೇ ಆಗಿದೆ. ವಂಶದ ಬೀಜ ಯಾರ ಅಪರಾಧವೂ ಅಲ್ಲ. ಆದುದರಿಂದ ಮಗುವಿನ ತಾಯಿಯನ್ನು ಹಳಿಯುವುದು ಅಧರ್ಮ.

ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ. ಅದರಲ್ಲಿಯೂ ಡೆಂಗ್ಯೂವಿನಲ್ಲಿಯೂ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ. ಜ್ವರದೊಡನೆ ಒಸಡು ಮೂಗುಗಳಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಧಾವಿಸಬೇಕು. ಇಂಥ ಜ್ವರದಲ್ಲಾಗಲಿ ಕುಸುಮರೋಗದಲ್ಲಾಗಲಿ ಆಸ್ಪಿರಿನ್ ಕೊಡಲೇಕೂಡದು.

ರಕ್ತ ಏರಿಸುವಾಗ

1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ ಮೇಲೆಯೇ ರಕ್ತಪೂರಣವು ನಂಬಲರ್ಹವಾಯಿತು. ಇಂದಿಗೂ ಘೋರ ಅಪಾಯವು ಬಹುಪಾಲು ಒಬ್ಬರ ಚೀಲ ಮತ್ತೊಬ್ಬರಿಗೆ ಹೋಗುವುದರಿಂದಲೇ ಉಂಟಾಗುತ್ತದೆ. ನಮ್ಮಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಬಸಮ್ಮ, ಮೂವರು ಬಸವರಾಜಪ್ಪ ಇರುವುದು ಸಹಜ. ಆದುದರಿಂದ ಬರಿಯ ಹೆಸರು ಸಾಲದು. ತಂದೆ ಅಥವಾ ಗಂಡನ ಹೆಸರು, ನೋಂದಣಿ ಸಂಖ್ಯೆ, ರಕ್ತದ ಗುಂಪು ಇವನ್ನು ನರ್ಸಮ್ಮನವರು ಚೀಲದೊಡನೆ ತಾಳೆ ನೋಡುವಾಗ ಮನೆಯವರೂ ಕಿವಿಗೊಡಬೇಕು. ಚೀಲ ತಣ್ಣಗಿದೆಯೆಂದು ಬಿಸಿನೀರಿನಲ್ಲಿ ಇಡಕೂಡದು.

ಮೊದಲ 15 ನಿಮಿಷ ರೋಗಿಯ ಬಳಿಯಿಂದ ಕದಲಬಾರದು. ಚಳಿಜ್ವರ, ಸೊಂಟ ಅಥವಾ ಎದೆಯ ನೋವು, ಸೂಜಿ ಚುಚ್ಚಿದ ಕೈಯಲ್ಲಿ ಉರಿ, ಕೆಂಪು ಮೂತ್ರ, ಮೈಯೆಲ್ಲ ತುರಿಕೆ ದದ್ದು, ಉಸಿರಾಟದ ಕಷ್ಟ, ಕಾರಣವಿಲ್ಲದ ದಿಗಿಲು ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ನರ್ಸಮ್ಮನವರನ್ನು ಕೂಗಿ, ರಕ್ತವನ್ನು ನಿಲ್ಲಿಸುವಂತೆ ಹೇಳಬೇಕು. ಸೂಜಿಯನ್ನು ನಾವೇ ಕೀಳಬಾರದು, ಔಷಧಿ ಕೊಡಲು ಆ ದಾರಿ ಬೇಕಾಗುತ್ತದೆ. ಚೀಲವನ್ನೂ ಬಿಸಾಡಬಾರದು, ಅದರ ಪರೀಕ್ಷೆಯಿಂದಲೇ ಕಾರಣ ತಿಳಿಯುತ್ತದೆ. ವೃದ್ಧರಿಗೂ ಹೃದ್ರೋಗಿಗಳಿಗೂ ರಕ್ತವನ್ನು ವೇಗವಾಗಿ ಏರಿಸಿದರೆ ಏದುಸಿರು ಬರಬಹುದು. ಮನೆಗೆ ಬಂದ ಮೇಲೆ ಎರಡು ವಾರದೊಳಗೆ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅದನ್ನು ಬರಿಯ ಕಾಮಾಲೆಯೆಂದು ತಿಳಿದು ಬೇರು ಅರೆಯುತ್ತ ಕೂರದೆ ಅದೇ ಆಸ್ಪತ್ರೆಗೆ ಹಿಂದಿರುಗಬೇಕು. ಹಿಂದೆ ಪ್ರತಿಕ್ರಿಯೆ ಆಗಿದ್ದರೆ ಅದನ್ನು ಚೀಟಿಯಲ್ಲಿ ಬರೆಯಿಸಿ ಜೋಪಾನವಾಗಿಡಬೇಕು.

‘ನಮ್ಮವರ ರಕ್ತ’

‘ನಮ್ಮವರ ರಕ್ತವೇ ಆಗಬೇಕು’ ಎಂದು ಹಟ ಹಿಡಿಯುವ ಮನೆಗಳನ್ನು ನಾವು ಕಂಡಿದ್ದೇವೆ. ರಕ್ತದಲ್ಲಿ ಗುಂಪುಗಳುಂಟು, ಜಾತಿ ಪಂಗಡಗಳಿಲ್ಲ. ಅಷ್ಟೇ ಅಲ್ಲ, ತೀರ ಹತ್ತಿರದ ರಕ್ತಸಂಬಂಧಿಗಳ ಬಿಳಿಯ ಕಣಗಳು ರೋಗಿಯ ಶರೀರದಲ್ಲಿ ಪರಕೀಯವೆನಿಸದೆ ನೆಲೆನಿಂತು, ಅವನ ಅಂಗಗಳನ್ನೇ ನಾಶಮಾಡುವ ಪ್ರಸಂಗ ಅಪರೂಪವಾಗಿಯಾದರೂ ಉಂಟು. ಬಹುತೇಕ ಅದು ಪ್ರಾಣಾಂತಿಕ. ಅಂಥವರ ರಕ್ತವನ್ನು ವಿಕಿರಣಕ್ಕೆ ಒಳಪಡಿಸದೆ ಕೊಡುವುದು ಯುಕ್ತವಲ್ಲ. ಬಂಧುಗಳು ರಕ್ತನಿಧಿಗೆ ರಕ್ತ ಕೊಡಲಿ. ರೋಗಿಗೆ ಅಪರಿಚಿತರ ರಕ್ತ ಸಲ್ಲಲಿ.

ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಮಾರುವುದು ನಿಂತಿತು. ಈಗ ರಕ್ತನಿಧಿ ತುಂಬಬೇಕಾದರೆ ದಾನಿಗಳೇ ಬರಬೇಕು. 18ರಿಂದ 65 ವರ್ಷದ, ಕನಿಷ್ಠ 45 ಕಿಲೋ ತೂಕದ, 12.5 ಗ್ರಾಂ ಹಿಮೋಗ್ಲೋಬಿನ್ ಉಳ್ಳ ಆರೋಗ್ಯವಂತರು ರಕ್ತ ಕೊಡಬಹುದು. ಪುರುಷರು 90 ದಿನಗಳಿಗೊಮ್ಮೆ, ಸ್ತ್ರೀಯರು 120 ದಿನಗಳಿಗೊಮ್ಮೆ. ಯಾರಿಗೆ ಸೇರುವುದೆಂದು ಕೇಳದೆ ನೀಡುವುದೇ ದಾಸೋಹ. ಜಾತ್ರೆ ಉತ್ಸವಗಳ ದಿನ ಪ್ರಸಾದದ ಪಂಕ್ತಿಯ ಪಕ್ಕದಲ್ಲಿ ರಕ್ತದಾನದ ಮಂಚವೂ ಇರಲಿ ಎಂದು ಸದ್ಭಕ್ತರಲ್ಲಿ ಪ್ರಾರ್ಥಿಸುತ್ತೇವೆ.