ಸೇಲಮಿನ ಬಿಳಿಯ ಗುಡ್ಡಗಳು

ಪ್ರಶ್ನೆ: ಧರ್ಮಪುರಿಯ ಮೇಲೆ ಸೇಲಮಿಗೆ ರೈಲಿನಲ್ಲಿ ಹೋಗುವಾಗ ಓಮಲೂರಿನಿಂದಾಚೆಗೆ ಕಾಣುವ ಬಿಳಿಯ ರಾಶಿಗಳು ಸುಣ್ಣದ ಕಲ್ಲೇ? ಅಲ್ಲಿಂದ ಬಂದ ಚೂರೊಂದಕ್ಕೆ ನಿಂಬೆರಸ ಹಿಂಡಿದರೆ ನೊರೆಯೇ ಏಳಲಿಲ್ಲ.

ಉತ್ತರ: ನಿಮ್ಮ ನಿಂಬೆಹಣ್ಣೇ ಅರ್ಧ ಉತ್ತರವನ್ನಿತ್ತಿದೆ. ಸುಣ್ಣದ ಕಲ್ಲಾಗಿದ್ದರೆ ಹುಳಿ ಸೋಂಕಿದೊಡನೆ ಗುಳ್ಳೆಯೇಳುತ್ತಿತ್ತು. ಪುಡಿಗೈದು ಬಿಸಿಯಾದ ಆಮ್ಲವನ್ನೆರೆದಲ್ಲದೆ ಚೆನ್ನಾಗಿ ನೊರೆಯುಕ್ಕಿಸದ ಈ ಶಿಲೆ ಮ್ಯಾಗ್ನೆಸೈಟ್, ಎಂದರೆ ಮೆಗ್ನೀಷಿಯಂ ಕಾರ್ಬೊನೇಟು. ಶೇವರಾಯ ಬೆಟ್ಟಗಳ ಅಡಿಯಲ್ಲಿ, ಭೂಗರ್ಭದಿಂದ ಮೇಲೆದ್ದು ಬಂದ ಮೆಗ್ನೀಷಿಯಂಭರಿತವಾದ ಕಪ್ಪು ಹಸಿರು ಶಿಲೆಯು ಇಂಗಾಲಾಮ್ಲವನ್ನೊಳಗೊಂಡ ಜಲದ ಸಂಸರ್ಗದಿಂದ ಕಾಲಾಂತರದಲ್ಲಿ ಮಾರ್ಪಟ್ಟು, ಅದರ ಬಿರುಕುಗಳಲ್ಲೆಲ್ಲ ಈ ಶ್ವೇತಖನಿಜವು ಬಲೆಯಂತೆ ಹೆಣೆದುಕೊಂಡಿದೆ. ಒಡೆದ ಮೈ ಪಿಂಗಾಣಿಯ ನುಣುಪನ್ನು ತೋರುತ್ತದೆ.

ಇದರ ಬೆಲೆಯಿರುವುದು ಬಿಳುಪಿನಲ್ಲಲ್ಲ, ತಾಪಸಹಿಷ್ಣುತೆಯಲ್ಲಿ: ಸುಟ್ಟು ಪಡೆದ ಮ್ಯಾಗ್ನೀಷಿಯವು ಸುಮಾರು 2,800 ಡಿಗ್ರಿ ಸೆಲ್ಸಿಯಸಿನವರೆಗೂ ಕರಗದಿರುವುದರಿಂದ, 1,538ರಲ್ಲೇ ದ್ರವಿಸುವ ಕಬ್ಬಿಣವನ್ನು ಕಾಯಿಸುವ ಉಕ್ಕಿನ ಕುಲುಮೆಗಳ ಒಳಗೋಡೆಗೆ ಇದರ ಇಟ್ಟಿಗೆಯನ್ನೇ ಹಾಸುತ್ತಾರೆ. ನಮ್ಮ ಮೈಸೂರಿನ ಸಮೀಪದ ದೊಡ್ಡಕನ್ಯದಲ್ಲಿಯೂ ಇದೇ ಖನಿಜವುಂಟು. ನಿಮ್ಮ ದಾರಿಯ ನಿಲ್ದಾಣವೊಂದಕ್ಕಂತೂ ‘ಮ್ಯಾಗ್ನೆಸೈಟ್ ಜಂಕ್ಷನ್’ ಎಂದೇ ಹೆಸರು. ಮುಂದಿನ ಪ್ರಯಾಣದಲ್ಲಿ ಫಲಕವನ್ನು ಗಮನಿಸಿರಿ.